ಪಂಚಾಂಗದ ಯಂತ್ರಕ್ಕೆ ಬಳಿದ ಲೇಪ

ಶಾಖವನ್ನು ಒಂದೆಡೆ ಪಡೆದು ಇನ್ನೊಂದೆಡೆ ಒಪ್ಪಿಸುವುದು ನನ್ನ ಕುಲಧರ್ಮ. ಕಂಪ್ಯೂಟರಿನ ಡಬ್ಬಿಯೊಳಗೆ, ಪ್ರೊಸೆಸರ್ ಎಂಬ ಲೆಕ್ಕದ ಚಿಪ್ಪಿನ ಎದೆಗೆ ಎದೆಯಾನಿಸಿ ಕೂರುವ ಹೀಟ್‌ಸಿಂಕ್ ನಾನು. ಚಿಪ್ಪು ಲೆಕ್ಕ ಮಾಡುತ್ತದೆ. ಮಾಡುತ್ತ ಮಾಡುತ್ತ ಕಾಯುತ್ತದೆ. ಆ ಕಾವನ್ನು ನಾನು ಹೀರಿ, ಬೆನ್ನ ಮೇಲಿನ ಫ್ಯಾನಿನ ಗಾಳಿಗೆ ಒಪ್ಪಿಸುತ್ತೇನೆ. ಕುದಿಹಾಲನ್ನು ಅಗಲವಾದ ಪಾತ್ರೆಗೆ ಸುರಿದು ಆರಿಸುವ ತಾಯಿಯ ಕೆಲಸಕ್ಕೂ ನನ್ನ ಕೆಲಸಕ್ಕೂ ಹೆಚ್ಚಿನ ಅಂತರವಿಲ್ಲ.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ನಡುವೆ ತಾಮ್ರದ ಗುಂಡುಗಂಬ, ಅದರ ಸುತ್ತ ತೆಳುವಾದ ಅಲ್ಯೂಮಿನಿಯಂ ಎಸಳುಗಳು. ಮೇಲಿನಿಂದ ನೋಡಿದವರಿಗೆ ಅರಳಿದ ಹೂವಿನಂತೆ ಕಾಣುತ್ತಿದ್ದೆ. ಮೂಲೆಗೊಂದರಂತೆ ನಾಲ್ಕು ಪ್ಲಾಸ್ಟಿಕ್ ಕಾಲುಗಳು. ನನ್ನ ತಾಮ್ರದ ಅಡಿಯನ್ನು ಕನ್ನಡಿಯಂತೆ ಉಜ್ಜಿ ನುಣುಪು ಮಾಡಿದರು. ಆದರೆ ಲೋಹದ ನುಣುಪು ಮನುಷ್ಯರ ಕಣ್ಣಿಗೆ ಮಾತ್ರ. ಅಣುವಿನ ಕಣ್ಣಿಗೆ ನನ್ನ ಮೈಯೆಲ್ಲ ಹಳ್ಳ, ದಿಣ್ಣೆ. ಚಿಪ್ಪಿನ ಮೈಯೂ ಅಂಥದೇ. ಎರಡು ಹಳ್ಳಗಳು ಎದುರೆದುರಾದಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಮತ್ತು ಸೆರೆಸಿಕ್ಕ ಗಾಳಿಯಷ್ಟು ಶಾಖಕ್ಕೆ ಅಡ್ಡಿಯಾದದ್ದು ಬೇರೆ ಯಾವುದೂ ಇಲ್ಲ. ಅದಕ್ಕೆಂದೇ ನಮ್ಮಿಬ್ಬರ ನಡುವೆ ಒಂದು ಲೇಪ ಬೇಕು. ಹಳ್ಳಗಳನ್ನು ತುಂಬಬೇಕು, ಗಾಳಿಯನ್ನು ಹೊರಗಟ್ಟಬೇಕು, ಅಷ್ಟೇ. ಹುಟ್ಟುವಾಗಲೇ ನನ್ನ ಅಡಿಗೆ ಆ ಲೇಪವನ್ನು ಮೂರು ಬೂದುಬಣ್ಣದ ಪಟ್ಟೆಗಳಾಗಿ ಎಳೆದು ಕಳಿಸಿದ್ದರು.

ಆ ಮೂರು ಪಟ್ಟೆಗಳೇ ನನ್ನ ಮೊದಲ ಒಡೆಯರ ನಗುವಿಗೆ ಕಾರಣವಾದವು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕಂಪ್ಯೂಟರನ್ನು ಎದುರಿಗೇ ಜೋಡಿಸುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೂತು ಪ್ರತಿಯೊಂದು ಬಿಡಿಭಾಗವನ್ನೂ ಕೇಳಿ ತಿಳಿಯುತ್ತಿದ್ದವರು ಗಂಗಾವತಿಯ ವಿಜಯೀಂದ್ರಾಚಾರ್ಯರು. ಕಚ್ಚೆ ಪಂಚೆ, ಹಣೆಗೆ ಅಂಗಾರ ಅಕ್ಷತೆ, ತೋಳಿನಲ್ಲಿ ಗೋಪೀಚಂದನದ ಮುದ್ರೆ. ಅಂಗಡಿಯವನು ನನ್ನನ್ನು ಮಗುಚಿ ಹಿಡಿದಾಗ ಆಚಾರ್ಯರು ಕನ್ನಡಕ ಸರಿಪಡಿಸಿಕೊಂಡರು.

“ಅಲ್ಲೋ, ಅಡ್ಡ ಮೂರು ಪಟ್ಟಿ ವಿಭೂತಿ! ವೈಷ್ಣವರ ಮನಿಗೆ ಶೈವನ್ನ ಕಳಸಲಿಕ್ಕತ್ತೀಯಲ್ಲ?”

“ಒಮ್ಮೆ ಒಳಗ ಕುಂತ ಅಂದ್ರ ಯಾರಿಗೂ ಕಾಣಂಗಿಲ್ಲ ಬಿಡ್ರಿ, ಆಚಾರ್ರ.”

“ಕಾಣದಿದ್ರೂ ಇರ್ಲಿ. ಹರಿಹರರಿಗೆ ಭೇದ ಇಲ್ಲಂತ ನಾನು ಒಪ್ಪಂಗಿಲ್ಲ, ಆದ್ರ ಬಂದ ಅತಿಥಿನ್ನ ಹೊರಗ ಹಾಕೋದೂ ಇಲ್ಲ.”

ಹೀಗೆ ಅತಿಥಿಯಾಗಿ ನಾನು ಗಂಗಾವತಿಗೆ ಬಂದೆ.

ಆಚಾರ್ಯರದು ಪಂಚಾಂಗದ ಮನೆ. ಅಜ್ಜನ ಕಾಲದಿಂದ ಪ್ರತಿವರ್ಷವೂ ಯುಗಾದಿಗೆ ಮುನ್ನ ಆ ಮನೆಯಿಂದ ಒಂದು ಸಣ್ಣ ಪಂಚಾಂಗ ಹೊರಡುತ್ತಿತ್ತು. ಸುತ್ತಲಿನ ನಲವತ್ತು ಊರುಗಳಲ್ಲಿ ಏಕಾದಶಿಯ ಉಪವಾಸ, ಶ್ರಾದ್ಧದ ತಿಥಿ, ಮದುವೆಯ ಮುಹೂರ್ತ ಎಲ್ಲವೂ ಆ ಹೊತ್ತಗೆಯ ಮಾತಿನಂತೆ. ಅಜ್ಜ, ತಂದೆ ಕೈಲೆಕ್ಕದಲ್ಲಿ ಮಾಡುತ್ತಿದ್ದುದನ್ನು ವಿಜಯೀಂದ್ರಾಚಾರ್ಯರು ಯಂತ್ರಕ್ಕೆ ಒಪ್ಪಿಸಿದರು. ಸೂರ್ಯಚಂದ್ರರ ಗತಿಯನ್ನು ಗಣಿಸುವ ಪ್ರೋಗ್ರಾಮನ್ನು ಸ್ವತಃ ಕಲಿತು, ಸ್ವತಃ ಬರೆದರು. ಗುರುಗಳಿಲ್ಲದೆ ಕಲಿತ ವಿದ್ಯೆಯಾದ್ದರಿಂದ ಅದು ನಿಧಾನವಾಗಿ ನಡೆಯುತ್ತಿತ್ತು: ಒಂದು ಮಾಸದ ಗಣಿತ ಮುಗಿಯಲು ಮೂರು ಗಂಟೆ ಬೇಕು, ನಡುವೆ ನಿಂತರೆ ಮತ್ತೆ ಮೊದಲಿಂದ. ಪುಟ ಜೋಡಿಸುವ ಹಳೆಯ ಕನ್ನಡ ತಂತ್ರಾಂಶಕ್ಕೆ ಡಬ್ಬಿಯ ಬೆನ್ನಿಗೆ ಸಿಕ್ಕಿಸುವ ಒಂದು ಲಾಕ್ ಇತ್ತು; ಅದಿಲ್ಲದೆ ತಂತ್ರಾಂಶ ತೆರೆಯುತ್ತಿರಲಿಲ್ಲ. ಆ ಲಾಕು ಕೂರುವ ಗಂಡಿ ಹೊಸ ಯಂತ್ರಗಳಲ್ಲಿ ಇರಲಿಲ್ಲ. ಹೀಗಾಗಿ ಪಂಚಾಂಗಕ್ಕೆ ನಮ್ಮ ಡಬ್ಬಿಯೊಂದೇ ಗತಿ.

ಗಂಗಾವತಿಯ ಬಿಸಿಲಿಗೆ ಹೆದರಿ ಆಚಾರ್ಯರು ಡಬ್ಬಿಯ ಪಕ್ಕದ ತಗಡನ್ನು ಬಿಚ್ಚಿಯೇ ಇಟ್ಟಿದ್ದರು. ಮೇಜಿನ ಕೆಳಗಿನ ಮಣೆಯ ಮೇಲೆ ಕೂತು ನಾನು ಆ ಕಿಂಡಿಯಿಂದ ಲೋಕವನ್ನು ಕಂಡೆ. ಹೆಚ್ಚಾಗಿ ಕಂಡದ್ದು ಪಾದಗಳನ್ನೇ. ವಿಜಯೀಂದ್ರಾಚಾರ್ಯರ ಬಲಗಾಲಿನ ಹೆಬ್ಬೆರಳು ಲೆಕ್ಕ ಓಡುವಷ್ಟು ಹೊತ್ತೂ ನೆಲದ ಮೇಲೆ ತಾಳ ಹಾಕುತ್ತಿತ್ತು. ತಿಥಿಯ ಅಂತ್ಯಕಾಲ ಪರದೆಯ ಮೇಲೆ ಮೂಡಿದೊಡನೆ ತಾಳ ನಿಲ್ಲುತ್ತಿತ್ತು, ಮೇಲಿನಿಂದ “ಕೃಷ್ಣಾರ್ಪಣ” ಎಂಬ ಮಾತು ಇಳಿದು ಬರುತ್ತಿತ್ತು. ಅವರು ಅವಿವಾಹಿತರು. ತಮ್ಮ ಪ್ರಲ್ಹಾದಾಚಾರ್ಯರು, ತಮ್ಮನ ಹೆಂಡತಿ ವೇಣೂಬಾಯಿ, ಇವರೇ ಅವರ ಸಂಸಾರ. ತಮ್ಮನೂ ದೊಡ್ಡ ವಿದ್ವಾಂಸರೇ. ಶಾಸ್ತ್ರದಲ್ಲಿ ಎತ್ತಿದ ಕೈ. ಆದರೆ ಪಂಚಾಂಗದಲ್ಲಿ ಅವರ ಪಾಲು ಬೆಳಿಗ್ಗೆ ಅಣ್ಣನ ಪೂಜೆಗೆ ಗಂಧ ತೇಯುವುದು, ಮಧ್ಯಾಹ್ನ ಅಣ್ಣ ಹೇಳಿದ್ದಕ್ಕೆ ತಲೆದೂಗುವುದು. ಸಾಣೆಕಲ್ಲಿನ ಮೇಲೆ ಕೊರಡು ತಿರುಗುವ ಸದ್ದಿನಿಂದಲೇ ನನಗೆ ಬೆಳಗಾಗುತ್ತಿತ್ತು. ಹನ್ನೊಂದು ವರ್ಷ ಹಾಗೆ ನಡೆಯಿತು. ನೆನೆದರೆ ಈಗಲೂ ನನ್ನ ತಾಮ್ರ ಬೆಚ್ಚಗಾಗುತ್ತದೆ.

ಹನ್ನೆರಡನೆಯ ವರ್ಷದ ಭಾದ್ರಪದದಲ್ಲಿ ತಾಳ ನಿಂತಿತು. ಮುಂದಿನ ಸಂವತ್ಸರದ ಹತ್ತು ಮಾಸಗಳ ಗಣಿತವನ್ನು ಮುಗಿಸಿ ವಿಜಯೀಂದ್ರಾಚಾರ್ಯರು ಜ್ವರದಿಂದ ಮಲಗಿದರು. ಮೂರನೆಯ ದಿನ ತಮ್ಮನನ್ನು ಕರೆದು, “ಮಾಘ, ಫಾಲ್ಗುಣ ಎರಡ ತಿಂಗಳ ಉಳದಾವ ಪ್ರಲ್ಹಾದ, ಅವನ್ನ ನೀ ಮುಗಸು” ಎಂದರು. ಅದಾದ ಮೇಲೆ ಅವರು ದೇವರ ನಾಮವಲ್ಲದೆ ಬೇರೆ ಮಾತಾಡಲಿಲ್ಲವೆಂದು ಕೇಳಿದ್ದೇನೆ.

ಪ್ರಲ್ಹಾದಾಚಾರ್ಯರು ಕಾರ್ತಿಕದವರೆಗೂ ಆ ಕೋಣೆಗೆ ಬರಲಿಲ್ಲ. ಬಂದ ದಿನ ಅಣ್ಣನ ಕುರ್ಚಿಯಲ್ಲಿ ಕೂರದೆ, ಪಕ್ಕಕ್ಕೊಂದು ಸ್ಟೂಲು ಹಾಕಿಕೊಂಡು ಗುಂಡಿ ಒತ್ತಿದರು. ಯಂತ್ರ ಇಪ್ಪತ್ತು ನಿಮಿಷ ನಡೆದು ತಾನಾಗಿಯೇ ಆರಿತು. ತಪ್ಪು ನನ್ನದೂ ಹೌದು. ಊರ ತುಂಬ ಅಕ್ಕಿಮಿಲ್ಲುಗಳು. ಭತ್ತದ ಹೊಟ್ಟಿನ ಧೂಳು ವರ್ಷವರ್ಷವೂ ನನ್ನ ಎಸಳುಗಳ ನಡುವೆ ಕೂತು ಹತ್ತಿಯಂತೆ ಗಟ್ಟಿಯಾಗಿತ್ತು. ಹುಟ್ಟಿನೊಂದಿಗೆ ಬಂದ ಲೇಪ ಒಣಗಿ ಸುಣ್ಣದಂತೆ ಬಿರುಕುಬಿಟ್ಟಿತ್ತು. ಕಾವು ಮಿತಿಮೀರಿದರೆ ಚಿಪ್ಪು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ; ಅದು ಅದರ ಆತ್ಮರಕ್ಷಣೆ.

ರಿಪೇರಿಗೆ ಬಂದವಳು ಹುಲಿಗೆಮ್ಮ. ಬಸ್‌ಸ್ಟ್ಯಾಂಡಿನ ಹಿಂದೆ ಅವಳದೇ ಕಂಪ್ಯೂಟರ್ ರಿಪೇರಿ ಅಂಗಡಿ. ನಲವತ್ತರ ಹೆಂಗಸು, ಐಟಿಐ ಓದಿದವಳು, ಸೆರಗನ್ನು ಸೊಂಟಕ್ಕೆ ಬಿಗಿದು ಕೆಲಸಕ್ಕೆ ಕೂತರೆ ಮಾತು ಕೈ ಎರಡೂ ನಿಲ್ಲವು. ಅವಳು ನನ್ನನ್ನು ಬಿಚ್ಚಿ, ಬ್ರಷ್ಷಿನಿಂದ ಧೂಳು ತೆಗೆದು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಹಳೆಯ ಲೇಪವನ್ನು ಒರೆಸಿದಳು. ಬಾಗಿಲಲ್ಲಿ ನಿಂತಿದ್ದ ವೇಣೂಬಾಯಿ ಮೂಗು ಮುಚ್ಚಿಕೊಂಡು, “ಇದೇನು ದವಾಖಾನಿ ವಾಸನಿ ತಂದೀಯವಾ, ದೇವರ ಕೋಣಿ ಪಕ್ಕದಾಗ” ಎಂದರು. ಹುಲಿಗೆಮ್ಮ ಒಂದು ಸಣ್ಣ ಡಬ್ಬಿಯಿಂದ ಬಿಳಿಯ ಪೇಸ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಚಿಪ್ಪಿನ ನಡುವೆ ಒಂದು ಕಾಳಿನಷ್ಟು ಇಟ್ಟು, ನನ್ನನ್ನು ಅದರ ಮೇಲೆ ನೆಟ್ಟಗೆ ಇಳಿಸಿ ಒತ್ತಿದಳು. ಕಾಳು ಹರಡಿ ಉಸಿರಿನಷ್ಟು ತೆಳ್ಳಗಾಯಿತು. ಆ ಹೊತ್ತಿನ ಸುಖವನ್ನು ಏನೆಂದು ಹೇಳಲಿ? ನಡುವಿನ ಗಾಳಿಯೆಲ್ಲ ಸರಿದು ಚಿಪ್ಪಿನ ಪ್ರತಿಯೊಂದು ಮಿಡಿತವೂ ನನಗೆ ನೇರವಾಗಿ ತಾಕಿತು.

ಪ್ರಲ್ಹಾದಾಚಾರ್ಯರು ಮೂರು ಮಾರು ದೂರದಲ್ಲಿ ನಿಂತು ಇದನ್ನೆಲ್ಲ ಕಂಡರು. ನಿಂತವರ ಕಣ್ಣು ಬಿಳಿಯ ಲೇಪದ ಮೇಲೆಯೇ ನೆಟ್ಟಿತ್ತು. ಗಂಧ ತೇಯ್ದು ತೇಯ್ದು ಬೆರಳು ಸವೆದ ಮನುಷ್ಯನಿಗೆ ಅಲ್ಲಿ ಬೇರೇನು ಕಂಡೀತು? ಹಳೆಯದನ್ನು ಒರೆಸಿ ತೆಗೆದದ್ದು ನಿರ್ಮಾಲ್ಯ ವಿಸರ್ಜನೆ. ಹೊಸದನ್ನು ಇಟ್ಟದ್ದು ಗಂಧಲೇಪನ. ದೇವರಿಗೆ ನಿನ್ನೆಯ ಗಂಧ ಇಂದಿಗೆ ಸಲ್ಲದು ಎಂಬುದು ಅವರ ರಕ್ತದಲ್ಲೇ ಇದ್ದ ನಿಯಮ.

ಮುಂದಿನ ಶನಿವಾರ ಸ್ನಾನ ಮುಗಿಸಿ, ಮಡಿಯುಟ್ಟು, ಅವರು ನನ್ನ ಬಳಿ ಬಂದು ಕೂತರು. ನಾಲ್ಕು ಕಾಲುಗಳನ್ನು ತಿರುವಿ ನನ್ನನ್ನು ಎತ್ತಿದರು. ಚೆನ್ನಾಗಿ ಹರಡಿ ಕೂತಿದ್ದ ಲೇಪವನ್ನು ಒದ್ದೆ ವಸ್ತ್ರದಿಂದ ಒರೆಸಿ, ತಾವೇ ತಂದಿಟ್ಟಿದ್ದ ಡಬ್ಬಿಯಿಂದ ಹೊಸ ಲೇಪವನ್ನು ಹಚ್ಚಿದರು. ದೇವರಿಗೆ ಹಚ್ಚುವಾಗ ಜಿಪುಣತನ ಸಲ್ಲದಷ್ಟೇ, ಧಾರಾಳವಾಗಿ ಹಚ್ಚಿದರು. “ಅಣ್ಣನ ಯಂತ್ರ” ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ಇಲ್ಲಿ ನಾನೊಂದು ರಹಸ್ಯವನ್ನು ಹೇಳಬೇಕು. ನಮ್ಮ ಲೇಪ ತಾಮ್ರಕ್ಕಿಂತ ಒಳ್ಳೆಯ ವಾಹಕವೇನಲ್ಲ. ಗಾಳಿಗಿಂತ ಮೇಲು, ಅಷ್ಟೇ. ಹಳ್ಳಗಳಲ್ಲಿ ಮಾತ್ರ ಇದ್ದರೆ ಉಪಕಾರಿ. ದಪ್ಪವಾದರೆ ಅದೇ ಗೋಡೆ. ಅತಿಯಾದರೆ ಅಮೃತವೂ ವಿಷವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮೊದಲ ಶನಿವಾರದ ನಂತರ ಯಂತ್ರ ಒಂದು ಗಂಟೆ ನಡೆಯಿತು. ಎರಡನೆಯದರ ನಂತರ ಮುಕ್ಕಾಲು ಗಂಟೆ. ಕಾವು ಹೆಚ್ಚಿದಷ್ಟೂ ಸೇವೆಯಲ್ಲಿ ಲೋಪವಾಯಿತೆಂದು ಬಗೆದು ಆಚಾರ್ಯರು ಲೇಪವನ್ನು ಹೆಚ್ಚಿಸಿದರು. ಪ್ರತಿವಾರ ತಿರುವಿಸಿಕೊಂಡ ನನ್ನ ಕಾಲುಗಳಲ್ಲಿ ಎರಡು ಮುರಿದವು. ನಾನು ಓರೆಯಾಗಿ ತೂಗಾಡಿದೆ. ಪುಷ್ಯಮಾಸ ಕಳೆಯುವ ಹೊತ್ತಿಗೆ ಯಂತ್ರ ಹತ್ತು ನಿಮಿಷವೂ ನಡೆಯದಾಯಿತು. ಅಣ್ಣನ ಹತ್ತು ಮಾಸಗಳು ಡಬ್ಬಿಯೊಳಗೆ ಕ್ಷೇಮವಾಗಿದ್ದವು. ತಮ್ಮನ ಎರಡು ಮಾಸಗಳು ಇನ್ನೂ ಹುಟ್ಟಿರಲಿಲ್ಲ.

ಮಧ್ವನವಮಿಯ ದಿನ ಗದಗಿನ ಮುದ್ರಣಾಲಯದಿಂದ ಫೋನು ಬಂತು. ಶಿವರಾತ್ರಿಯೊಳಗೆ ಪುಟಗಳು ಕೈಸೇರದಿದ್ದರೆ ಯುಗಾದಿಗೆ ಪಂಚಾಂಗ ಸಿಗದು. ಉಳಿದದ್ದು ಇಪ್ಪತ್ತು ದಿನ. ಅದೇ ಸಂಜೆ ಹುಲಿಗೆಮ್ಮ ಕರೆಯದೆಯೇ ಬಂದಳು.

“ಆಚಾರ್ರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ಎಷ್ಟ ಕಂಪ್ಯೂಟರ್ ಅದಾವ್ರಿ?”

“ಒಂದ. ಯಾಕವಾ?”

“ಮೂರ ತಿಂಗಳದಾಗ ನನ್ನ ಅಂಗಡ್ಯಾಗಿಂದ ನಾಕ ಡಬ್ಬಿ ಪೇಸ್ಟ್ ಒಯ್ದೀರಿ. ನಾನ ಒಂದ ಡಬ್ಬಿ ಒಳಗ ಐವತ್ತ ಮಶೀನ್ ಮಾಡ್ತೀನಿ. ಮನ್ಯಾಗ ಯಾರರ ರೊಟ್ಟಿಗೆ ಹಚ್ಚಿಕೊಂಡು ತಿನ್ನಾಕತ್ತಾರೇನ್ರಿ?”

ಅಡುಗೆಮನೆಯಿಂದ ವೇಣೂಬಾಯಿಯವರ ನಗು ಕೇಳಿತು. ಹುಲಿಗೆಮ್ಮ ಮಣೆಯ ಬಳಿ ಕುಕ್ಕುರುಗಾಲಲ್ಲಿ ಕೂತು ನನ್ನನ್ನು ಮುಟ್ಟಿದಳು. ಮುಟ್ಟಿದೊಡನೆ ನಾನು ಕೈಗೇ ಬಂದೆ. ಲೇಪ ಚಿಪ್ಪಿನ ಅಂಚು ದಾಟಿ, ಸುತ್ತಲಿನ ಹಲಗೆಯ ಮೇಲೆಲ್ಲ ಹರಿದು ಹೆಪ್ಪುಗಟ್ಟಿತ್ತು.

“ಅಯ್ಯ ನಮ್ಮವ್ವ! ಇದೇನ್ರಿ, ಬೆಣ್ಣಿ ಅಲಂಕಾರ ಮಾಡೀರಿ?”

“ಪ್ರತಿ ಶನಿವಾರ ತಪ್ಪದಂಗ ಮಾಡೇನಿ” ಎಂದರು ಆಚಾರ್ಯರು. ದನಿಯಲ್ಲಿ ಸ್ವಲ್ಪ ಅಭಿಮಾನವೂ ಇತ್ತು.

“ತಪ್ಪದಂಗ ಮಾಡಿದ್ದ ತಪ್ಪಾತ್ರಿ. ಇದನ್ನ ವರ್ಷಗಟ್ಟಲೆ ಮುಟ್ಟಬಾರದು. ನೀವ ಹಚ್ಚಿದ್ದು ಲೇಪ ಅಲ್ಲ, ದುಪಟಿ. ಚಳಿ ಆಕ್ಕೈತೇನ್ರಿ ಅದಕ್ಕ, ಹೊಚ್ಚಾಕ?”

ಆಚಾರ್ಯರ ಮುಖ ಇಳಿಯಿತು. ಹುಲಿಗೆಮ್ಮ ಮೆತ್ತಗಾದಳು. ತನ್ನ ಚೀಲದಿಂದ ಒಂದು ಬೂದುಬಣ್ಣದ ಹಾಳೆಯನ್ನು ತೆಗೆದು ತೋರಿಸಿದಳು. ಮೆತ್ತಗೆ, ದಪ್ಪಗೆ, ಎರಡೂ ಬದಿಗೆ ಜಿಗುಟು.

“ಇದು ಥರ್ಮಲ್ ಪ್ಯಾಡ್. ಕತ್ತರಿಸಿ ಇಟ್ರ ಮುಗೀತು. ಒಣಗಂಗಿಲ್ಲ, ಹರಿಯಂಗಿಲ್ಲ, ಹೆಚ್ಚುಕಡಿಮಿ ಆಗಂಗಿಲ್ಲ. ಪೇಸ್ಟ್ ಇದಕ್ಕಿಂತ ಜೋರ್ ಕೆಲಸ ಮಾಡ್ತೈತಿ, ಖರೆ. ಆದ್ರ ನಿಮ್ಮ ಕೈಯಾಗ ಪೇಸ್ಟ್ ಕೊಡಾಕ ನನಗ ಧೈರ್ಯ ಇಲ್ರಿ. ಮುಂದಿನ ಶನಿವಾರ ಮತ್ತ ಬಿಚ್ಚತೀರಿ.”

“ಯಾವುದು ಶ್ರೇಯಸ್ಸೋ ಅದನ್ನ ಮಾಡವಾ. ನನಗ ಎರಡ ತಿಂಗಳ ಗಣಿತ ಮುಗಿಬೇಕು, ಅಷ್ಟ.”

ಅವಳು ಮುರಿದ ಕಾಲುಗಳನ್ನು ತೆಗೆದು ನನಗೆ ಸ್ಕ್ರೂಗಳನ್ನು ಕೂರಿಸಿದಳು. ನಡುವೆ ಚೌಕವಾಗಿ ಕತ್ತರಿಸಿದ ಪ್ಯಾಡನ್ನಿಟ್ಟು ಬಿಗಿದಳು. ಪ್ಯಾಡನ್ನು ನಿಂದಿಸಲು ನನಗೆ ಮನಸ್ಸಿಲ್ಲ. ಅದು ಸಾಧುಸ್ವಭಾವದ ವಸ್ತು. ಎಲ್ಲಿ ಎರಡು ಮೈಗಳ ನಡುವೆ ಸಂದು ದೊಡ್ಡದಾಗಿರುತ್ತದೋ, ಎಲ್ಲಿ ಮೈಗಳು ಏರುಪೇರಾಗಿರುತ್ತವೋ, ಅಲ್ಲಿ ಅದು ತಗ್ಗಿ ಬಗ್ಗಿ ಇಬ್ಬರನ್ನೂ ಕೂಡಿಸುತ್ತದೆ. ಪಕ್ಕದ ಸಣ್ಣ ಚಿಪ್ಪುಗಳ ಮೇಲೆ ಹುಲಿಗೆಮ್ಮ ಅದನ್ನೇ ಇಟ್ಟಳು. ಅಲ್ಲಿ ಅದು ಕೊನೆಯವರೆಗೂ ಸುಖವಾಗಿ ಬಾಳಿತು. ಆದರೆ ನಮ್ಮಿಬ್ಬರಂತೆ ಸಪಾಟಾದ ಮೈಗಳು ಮುಖಾಮುಖಿಯಾದಲ್ಲಿ ಅದರ ದಪ್ಪವೇ ಅದಕ್ಕೆ ದೋಷ. ಚಿಪ್ಪಿನ ಕಾವು ನನ್ನ ಬಳಿಗೆ, ಜಮಖಾನದ ಕೆಳಗಿನ ಪಿಸುಮಾತಿನಂತೆ, ತಡವಾಗಿ, ಮಂದವಾಗಿ ಬಂದು ತಲುಪುತ್ತಿತ್ತು.

ಗಂಗಾವತಿಯಲ್ಲಿ ರಥಸಪ್ತಮಿ ಕಳೆದದ್ದೇ ಬಿಸಿಲಿಗೆ ಹಲ್ಲು ಮೂಡುತ್ತವೆ. ಬೆಳಿಗ್ಗೆ, ಸಂಜೆ, ರಾತ್ರಿ ಕರೆಂಟನ್ನು ನಂಬುವಂತಿರಲಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಮಾತ್ರ ತಪ್ಪದೆ ಇರುತ್ತಿತ್ತು. ಆದ್ದರಿಂದ ಗಣಿತ ನಡೆಯಬೇಕಾದದ್ದು ಸುಡುವ ಮಧ್ಯಾಹ್ನದಲ್ಲೇ. ಮೊದಲ ದಿನ ಯಂತ್ರ ಎರಡು ಗಂಟೆ ನಡೆದು ಆರಿತು. ಎರಡನೆಯ ದಿನ ಎರಡು ಗಂಟೆ ಹತ್ತು ನಿಮಿಷ. ಮೂರನೆಯ ದಿನ ವೇಣೂಬಾಯಿ ಒದ್ದೆ ಸೀರೆಯನ್ನು ಕಿಟಕಿಗೆ ಕಟ್ಟಿದರು. ಎರಡೂವರೆ ಗಂಟೆ ನಡೆದು ಪರದೆ ಕಪ್ಪಾಯಿತು. ಮೂರು ಗಂಟೆಯ ಗಡಿಯನ್ನು ಮುಟ್ಟಲಾಗಲೇ ಇಲ್ಲ. ದಿನಗಳು ಮಾತ್ರ ಸೋರುತ್ತಿದ್ದವು. ಆರನೆಯ ದಿನ ಶನಿವಾರ. ಆಚಾರ್ಯರು ಮಡಿಯುಟ್ಟು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನನ್ನೆದುರು ಬಂದು ಕೂತರು.

“ಏನ ಮಾಡಲಿಕ್ಕತ್ತೀರಿ?” ವೇಣೂಬಾಯಿಯವರ ಪಾದಗಳು ಬಾಗಿಲಲ್ಲಿ ಕಂಡವು.

“ಪ್ಯಾಡ್ ಸರಿಯಾಗಿ ಕೂತದೋ ಇಲ್ಲೋ ನೋಡ್ತೀನಿ.”

“ಬಿಚ್ಚಬ್ಯಾಡಂತ ಆಕಿ ಅಷ್ಟ ಹೇಳಿ ಹೋದ್ಲು.”

“ಅಣ್ಣ ನನ್ನ ಮ್ಯಾಲೆ ನಂಬಿಕಿ ಇಟ್ಟು ಹೋದ. ಸುಮ್ಮ ಕೂತು ನೋಡಲೇನು?”

ವೇಣೂಬಾಯಿ ಒಳಗೆ ಬಂದು ನೆಲದ ಮೇಲೆಯೇ ಕೂತರು. ಅವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ನಗುವಿರಲಿಲ್ಲ.

“ನಾ ಒಂದ ಹೇಳಲೇನು? ನೀವು ಇದನ್ನ ಬಿಚ್ಚೋದು ಬಿಸಿ ಆಗ್ತದಂತಲ್ಲ. ಭಾವನವರ ಕುರ್ಚಿ ಮ್ಯಾಲೆ ಕೂಡಲಿಕ್ಕೆ ಹೆದರಿ ಬಿಚ್ಚತೀರಿ. ಸೇವಾ ಮಾಡ್ಕೋತ ಇದ್ರ ಗಣಿತ ಮಾಡೋದು ತಪ್ಪತದ. ಗಣಿತ ಮಾಡಲಿಲ್ಲಂದ್ರ ಅವರು ಇನ್ನೂ ಎದ್ದು ಬಂದು ಮಾಡ್ತಾರ ಅನ್ನೋ ಹಂಗ ಇರ್ತದ.”

ಆಚಾರ್ಯರು ಸ್ಕ್ರೂಡ್ರೈವರಿನ ತುದಿಯನ್ನು ನನ್ನ ಎಸಳಿಗೆ ತಾಗಿಸಿ ಹಿಡಿದರು. “ಮುಟ್ಟದಿದ್ರ ಹ್ಯಾಂಗ ವೇಣೂ? ನಿತ್ಯ ಗಂಧ ಹಚ್ಚದಿದ್ರ ಅದು ಪೂಜಿ ಹ್ಯಾಂಗ ಆಗ್ತದ?”

“ಯಾರ ಹೇಳಿದ್ರು ಅದು ಗಂಧಂತ? ನಮ್ಮಪ್ಪನ ಊರ ಗುಡಿಯೊಳಗ ನಾ ಸಣ್ಣಾಕಿ ಇದ್ದಾಗ ಅಷ್ಟಬಂಧ ಆತು. ಎಂಟು ವಸ್ತು ಕೂಡಿಸಿ ದಿನಗಟ್ಟಲೆ ಕುಟ್ಟಿದ್ರು. ಮೂರ್ತಿಗೂ ಪೀಠಕ್ಕೂ ನಡುವೆ ಸಂದಿಲ್ಲದಂಗ ತುಂಬಿದ್ರು. ಮುಂದ ಹನ್ನೆರಡ ವರ್ಷ ಅದನ್ನ ಅರ್ಚಕರೂ ಮುಟ್ಟಲಿಲ್ಲ. ಮುಟ್ಟದೆ ಬಿಟ್ಟಿದ್ದಕ್ಕ ದೇವರು ಗಟ್ಟ್ಯಾಗಿ ಕೂತ. ಇಷ್ಟು ಶಾಸ್ತ್ರ ಓದೀರಿ, ನಾನು ಹೇಳಬೇಕೇನು?”

ಆಚಾರ್ಯರು ಅಷ್ಟಬಂಧದ ವಿಧಿಯನ್ನು ನೂರು ಸಲ ಓದಿದವರು. ಆದರೂ ಮೊದಲ ನೋಟಕ್ಕೆ ಕಂಡ ಗಂಧವೇ ಅವರ ಕಣ್ಣನ್ನು ಕಟ್ಟಿಹಾಕಿತ್ತು. ಅವರು ಸ್ಕ್ರೂಡ್ರೈವರನ್ನು ಹೆಂಡತಿಯ ಕೈಗಿತ್ತರು.

“ಹುಲಿಗೆಮ್ಮನ್ನ ಕರಿ. ಪೇಸ್ಟ್ ಹಚ್ಚಂತ ಹೇಳು. ಇನ್ನ ಮ್ಯಾಲೆ ನಾ ಇದನ್ನ ಮುಟ್ಟೋದಿಲ್ಲ.”

ಹುಲಿಗೆಮ್ಮ ಬಂದಳು, ಮಾತನ್ನು ಕೇಳಿ ನಂಬದೆ ವೇಣೂಬಾಯಿಯವರ ಮುಖ ನೋಡಿದಳು. “ಬಾಯಾರ, ಜಾಮೀನ ಯಾರ್ರಿ?”

“ನಾನ” ಎಂದರು ವೇಣೂಬಾಯಿ. “ಮುಟ್ಟಿದ್ರ ಅವತ್ತು ಅವರಿಗೆ ಊಟ ಇಲ್ಲ.”

“ಏಕಾದಶಿ ದಿನ ಮುಟ್ಟಿದ್ರ?”

“ದ್ವಾದಶಿ ಪಾರಣಿಯೂ ಇಲ್ಲ.”

ಮೂವರೂ ನಕ್ಕರು. ಅಣ್ಣ ಹೋದ ಮೇಲೆ ಆ ಕೋಣೆಯಲ್ಲಿ ಆಚಾರ್ಯರ ನಗುವನ್ನು ನಾನು ಕೇಳಿದ್ದು ಅಂದೇ. ಹುಲಿಗೆಮ್ಮ ಪ್ಯಾಡನ್ನು ಸುಲಿದು ತೆಗೆದು, ನಮ್ಮಿಬ್ಬರ ಮೈಯನ್ನೂ ಸ್ಪಿರಿಟ್ಟಿನಿಂದ ಒರೆಸಿ, ಡಬ್ಬಿಯ ಮುಚ್ಚಳ ತೆರೆದಳು. “ನೋಡ್ರಿ ಆಚಾರ್ರ, ಒಂದ ಅಕ್ಷತಿ ಕಾಳಿನಷ್ಟ” ಎಂದು ಕಡ್ಡಿಯ ತುದಿ ತೋರಿಸಿದಳು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿ, ತಲೆದೂಗಿದರು. ನಾಲ್ಕು ಸ್ಕ್ರೂಗಳನ್ನು ಅವಳು ಅಡ್ಡಡ್ಡ ಮೂಲೆಗಳಲ್ಲಿ ಸರದಿಯಂತೆ ಬಿಗಿದಳು, ಒಂದೆಡೆ ಭಾರ ಹೆಚ್ಚಾಗದಂತೆ. ಗಾಳಿ ಸರಿಯಿತು. ಚಿಪ್ಪು ನನಗೆ ಮತ್ತೆ ದೊರೆಯಿತು.

ಮರುದಿನ ಹನ್ನೊಂದಕ್ಕೆ ಪ್ರಲ್ಹಾದಾಚಾರ್ಯರು ಬಂದು, ಸ್ಟೂಲನ್ನು ಕಾಲಿನಿಂದ ಬದಿಗೆ ಸರಿಸಿ, ಕುರ್ಚಿಯಲ್ಲಿ ಕೂತರು. ಮಾಘಮಾಸದ ಗಣಿತ ಆರಂಭವಾಯಿತು. ಒಂದು ಗಂಟೆ. ಎರಡು ಗಂಟೆ. ಹೊರಗೆ ಬಿಸಿಲು ಅಂಗಳದ ಕಲ್ಲನ್ನು ಕಾಯಿಸುತ್ತಿತ್ತು. ಒಳಗೆ ಚಿಪ್ಪು ತನ್ನ ಕಾವನ್ನೆಲ್ಲ ನನಗೆ ಸುರಿಯುತ್ತಿತ್ತು, ನಾನು ಎಸಳೆಸಳಿಗೂ ಹಂಚಿ ಫ್ಯಾನಿಗೆ ಕೊಡುತ್ತಿದ್ದೆ. ಎರಡೂವರೆ ಗಂಟೆ ತುಂಬಿದಾಗ ಆಚಾರ್ಯರ ಪಾದಗಳು ಅಲುಗಾಟ ನಿಲ್ಲಿಸಿದವು. ನೋಡುವವರಿಗೆ ಅವು ಮರದ ಪಾದುಕೆಗಳೆನ್ನಿಸಬೇಕು. ಮೂರು ಗಂಟೆ ತುಂಬಲು ಐದು ನಿಮಿಷವಿರುವಾಗ ಲೆಕ್ಕ ಮುಗಿಯಿತು.

ಫಾಲ್ಗುಣದಲ್ಲಿ ಬೇರೊಂದು ಸಂಕಟ ಎದುರಾಯಿತು. ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚಿನ ಅರುಣೋದಯದಲ್ಲಿ ದಶಮಿ ಉಳಿದಿದ್ದರೆ ಮಾಧ್ವರಿಗೆ ಆ ಏಕಾದಶಿ ಸಲ್ಲದು. ಉಪವಾಸ ಮರುದಿನಕ್ಕೆ ಹೋಗುತ್ತದೆ. ಒಂದು ಏಕಾದಶಿಯ ವಿಷಯದಲ್ಲಿ ಯಂತ್ರದ ಉತ್ತರಕ್ಕೂ ಆಚಾರ್ಯರು ಕೈಯಾರೆ ಮಾಡಿದ ಲೆಕ್ಕಕ್ಕೂ ಅರ್ಧ ಘಳಿಗೆಗೂ ಮೀರಿದ ವ್ಯತ್ಯಾಸ ಬಂತು. ಯಂತ್ರದ ಪ್ರಕಾರ ದಶಮಿ ಅರುಣೋದಯಕ್ಕೆ ಮೊದಲೇ ಮುಗಿದಿತ್ತು. ಕೈಲೆಕ್ಕದ ಪ್ರಕಾರ ಉಳಿದಿತ್ತು. ಒಂದನ್ನು ನಂಬಿದರೆ ಒಂದು ದಿನ, ಇನ್ನೊಂದನ್ನು ನಂಬಿದರೆ ಮರುದಿನ. ತಪ್ಪಿದರೆ ನಲವತ್ತು ಊರುಗಳ ವ್ರತ ತಪ್ಪುತ್ತದೆ. ಅದೂ ಅಣ್ಣನ ಕೊನೆಯ ಪಂಚಾಂಗದಲ್ಲಿ. ಆಚಾರ್ಯರು ಮೂರು ಮಧ್ಯಾಹ್ನ ಅದೇ ಮಾಸವನ್ನು ಮತ್ತೆ ಮತ್ತೆ ಓಡಿಸಿದರು. ಯಂತ್ರ ಮೂರು ಸಲವೂ ಆರದೆ, ಮೂರು ಸಲವೂ ಅದೇ ಉತ್ತರವನ್ನು ಹೇಳಿತು. ಕಾವಿಗೆ ಕಂಗೆಟ್ಟು ಹೇಳಿದ ಮಾತಲ್ಲವೆಂದು ಅವರಿಗೆ ದೃಢವಾಯಿತು. ಆಗ ಅವರು ತಮ್ಮ ಹಾಳೆಯನ್ನು ಸಾಲುಸಾಲಾಗಿ ತಿದ್ದಲು ಕೂತರು. ಶಿವರಾತ್ರಿಗೆ ಮೂರು ದಿನವಿರುವಾಗ ಮೇಲಿನಿಂದ ಒಂದು ದೀರ್ಘ ನಿಟ್ಟುಸಿರು ಇಳಿಯಿತು.

“ವೇಣೂ, ಸಿಕ್ತು. ಚಂದ್ರನಿಗೆ ಮಾಡೋ ತಿದ್ದುಪಡಿ ಒಮ್ಮೆ ಕೂಡಸೋದನ್ನ ಎರಡ ಸಲ ಕೂಡಿಸೇನಿ.”

“ಅಲ್ಲೂ ದಪ್ಪ ಹಚ್ಚೀರಿ ಅನ್ರಿ” ಎಂದರು ವೇಣೂಬಾಯಿ.

ಯುಗಾದಿಗೆ ಪಂಚಾಂಗ ಬಂತು.

ಕೊಟ್ಟ ಮಾತನ್ನು ಪ್ರಲ್ಹಾದಾಚಾರ್ಯರು ತಪ್ಪಲಿಲ್ಲ. ಮುಂದಿನ ವರ್ಷಗಳಲ್ಲಿ ಹನ್ನೆರಡೂ ಮಾಸಗಳ ಗಣಿತವನ್ನು ಅವರೇ ಮಾಡಿದರು. ಧೂಳು ತೆಗೆಯಲು ಹುಲಿಗೆಮ್ಮ ವರ್ಷಕ್ಕೊಮ್ಮೆ ಬರುತ್ತಿದ್ದಳು. ಆಗಲೂ ಬ್ರಷ್ಷನ್ನು ಎಸಳುಗಳ ಮೇಲೆ ಮಾತ್ರ ಆಡಿಸುತ್ತಿದ್ದಳು, ನನ್ನನ್ನು ಎತ್ತುತ್ತಿರಲಿಲ್ಲ. ಆಚಾರ್ಯರು ಶನಿವಾರಗಳಲ್ಲಿ ಬಂದು ನನ್ನೆದುರು ಕ್ಷಣಕಾಲ ನಿಲ್ಲುವುದುಂಟು. ಪಾದಗಳು ಅರ್ಧ ಹೆಜ್ಜೆ ಮುಂದೆ ಬಂದು, ಹಿಂದೆ ಸರಿದು, ಕುರ್ಚಿಯ ಕಡೆ ಹೋಗುತ್ತಿದ್ದವು. ಆ ಅರ್ಧ ಹೆಜ್ಜೆಯನ್ನು ಹಿಂದೆ ಇಡುವುದು ಅವರಿಗೆ ಎಷ್ಟು ಕಷ್ಟವೆಂದು ಬಲ್ಲವನು ನಾನೊಬ್ಬನೇ.

ಕೊನೆಗೆ ಮದರ್‌ಬೋರ್ಡ್ ಎಂಬ ಹಳತಾದ ಮುಖ್ಯ ಹಲಗೆ ಒಂದು ಮಳೆಗಾಲದಲ್ಲಿ ಸೋತಿತು. ಅಷ್ಟರಲ್ಲಿ ಹುಲಿಗೆಮ್ಮ ಪ್ರೋಗ್ರಾಮನ್ನು ಹೊಸ ಯಂತ್ರಕ್ಕೆ ಹೊಂದಿಸಿದ್ದಳು. ಪುಟಗಳ ಕೆಲಸವನ್ನು ಮುದ್ರಣಾಲಯದವರೇ ಒಪ್ಪಿಕೊಂಡಿದ್ದರು. ಹಳೆಯ ಡಬ್ಬಿಯನ್ನು ಅವಳು ತನ್ನ ಅಂಗಡಿಗೆ ಒಯ್ದು ಬಿಚ್ಚಿದಳು. ಗುಜರಿಯವನಿಗೆ ಉಳಿದುದೆಲ್ಲ ಹೋಯಿತು. ನನ್ನನ್ನು ಮಾತ್ರ ಒರೆಸಿ, ಗಾಜಿನ ಕಪಾಟಿನ ಮೇಲಿನ ಅರೆಯಲ್ಲಿಟ್ಟಳು. ಗಿರಾಕಿಗಳು “ಪೇಸ್ಟ್ ಚಲೋನೋ, ಪ್ಯಾಡ್ ಚಲೋನೋ ಅಕ್ಕಾ?” ಎಂದು ಕೇಳಿದಾಗ ನನ್ನನ್ನು ಕೆಳಗಿಳಿಸಿ, ನನ್ನ ಅಡಿಯನ್ನು ತೋರಿಸಿ ತಿಳಿಹೇಳುತ್ತಾಳೆ. ಸಂದು ದೊಡ್ಡದಿದ್ದಲ್ಲಿ ಪ್ಯಾಡ್, ಮೈ ಮೈ ಸೇರುವಲ್ಲಿ ಪೇಸ್ಟ್. ಎರಡರಲ್ಲಿ ಯಾವುದಾದರೂ ಸರಿ, ಹಚ್ಚಿದ ಮೇಲೆ ಬಿಟ್ಟುಬಿಡಬೇಕು. ಆ ಬಿಡುವುದೇ ಎಲ್ಲಕ್ಕಿಂತ ಕಷ್ಟದ ವಿದ್ಯೆಯೆಂದು ನನಗೆ ತೋರುತ್ತದೆ. ಪ್ರೀತಿಯವರ ನಡುವೆ ಇರಬೇಕಾದದ್ದು ಬಹಳ ಕಡಿಮೆ. ಸಂದು ತುಂಬುವಷ್ಟು ಮಾತ್ರ. ಅದಕ್ಕಿಂತ ಹೆಚ್ಚಾದುದನ್ನು ನಾವು ಸೇವೆಯೆನ್ನುತ್ತೇವೆ, ಭಕ್ತಿಯೆನ್ನುತ್ತೇವೆ. ಒಳಗಿನ ಕಾವು ಮಾತ್ರ ಹೊರಬರುವ ದಾರಿ ಕಾಣದೆ ಅಲ್ಲೇ ಸುಡುತ್ತದೆ.

ಮೊನ್ನೆ ಪ್ರಲ್ಹಾದಾಚಾರ್ಯರು ಅಂಗಡಿಗೆ ಬಂದಿದ್ದರು. ಬೆನ್ನು ಬಾಗಿದೆ, ಕೈಯಲ್ಲಿ ಕೋಲು. ಯಾವುದೋ ತಂತಿಯನ್ನು ಕೇಳುತ್ತ ಕೇಳುತ್ತ ಕಪಾಟಿನ ಕಡೆ ನೋಡಿದವರು ಮಾತನ್ನು ಅಲ್ಲಿಗೇ ನಿಲ್ಲಿಸಿದರು.

“ಇದು ಅಣ್ಣಂದಲ್ಲೇನು?”

“ಹೌದ್ರಿ ಆಚಾರ್ರ.”

ಅವರು ಕಪಾಟಿನ ಹತ್ತಿರ ಬಂದರು. ಕೈ ಎತ್ತಿದರು, ತಡೆದರು, ಹುಲಿಗೆಮ್ಮನ ಕಡೆ ತಿರುಗಿದರು.

“ಈಗ ಮುಟ್ಟಬಹುದಲ್ಲವಾ?”

ಹುಲಿಗೆಮ್ಮ ಏನೋ ಚೇಷ್ಟೆಯ ಮಾತಿಗೆ ಬಾಯಿ ತೆರೆದವಳು ಅದನ್ನು ನುಂಗಿಕೊಂಡಳು. ನನ್ನನ್ನು ತೆಗೆದು ಅವರ ಅಂಗೈಯಲ್ಲಿಟ್ಟಳು. “ಮುಟ್ರಿ” ಎಂದಳು.

ಅವರ ಬೆರಳುಗಳು ನನ್ನ ತಾಮ್ರದ ಮೇಲೆ ಮೆಲ್ಲಗೆ ಕೂತವು. ಮುದಿ ಅಂಗೈಯ ಬೆಚ್ಚನೆಯ ಕಾವು ನೇರವಾಗಿ ನನ್ನೊಳಗೆ ಹರಿಯಿತು. ನಡುವೆ ಯಾವ ಲೇಪವೂ ಇರಲಿಲ್ಲ.